ತಾಯಿನಾಯಿಯನ್ನು ತೋರಿಸದವರಿಂದ ಮರಿ ಕೊಳ್ಳಬೇಡಿ

ಪ್ರಶ್ನೆ: ನಾವು ದಾವಣಗೆರೆಯವರು. ಮಕ್ಕಳ ಬಹುದಿನದ ಆಸೆಯಂತೆ ಒಂದು ಲ್ಯಾಬ್ರಡಾರ್ ಮರಿ ಸಾಕಬೇಕೆಂದಿದ್ದೇವೆ. ಬೆಂಗಳೂರಿನ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಮರಿಯ ವಿಡಿಯೊ ಹಾಕಿದ್ದರು. ಮರಿಗೆ 35 ದಿನ, ಮೊದಲ ಲಸಿಕೆ ಆಗಿದೆ, ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ವಂಶಾವಳಿ ಕಾಗದ ಬೇಡವೆಂದರೆ 12,000 ರೂಪಾಯಿ, ಬೇಕೆಂದರೆ 22,000 ರೂಪಾಯಿ, ಬಸ್ಸಿನಲ್ಲಿ ಕಳಿಸಿಕೊಡುತ್ತೇವೆ ಎನ್ನುತ್ತಾರೆ. 2,000 ರೂಪಾಯಿ ಮುಂಗಡ ಕೊಟ್ಟಿದ್ದೇವೆ. ಈಗ ನೆಂಟರೊಬ್ಬರು ‘ಅದು ಪಪ್ಪಿ ಮಿಲ್ ಇರಬಹುದು, ಎಚ್ಚರ’ ಎಂದಿದ್ದಾರೆ. ಪಪ್ಪಿ ಮಿಲ್ ಎಂದರೆ ಏನು? ಒಳ್ಳೆಯ ಬ್ರೀಡರನ್ನು ಗುರುತಿಸುವುದು ಹೇಗೆ? ಕೆಸಿಐ ಕಾಗದ ಇದ್ದರೆ ಸಾಕೇ? ಈ ಮರಿಯನ್ನು ತರಿಸಿಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಸಮಯ ಕಡಿಮೆ. ಈ ಮರಿಯನ್ನು ತರಿಸಿಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಹೊರಡಿಸಿದ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 35 ದಿನವೆಂದರೆ ಐದೇ ವಾರ. ಮಾರಾಟಗಾರರು ತಾವಾಗಿಯೇ ಹೇಳಿಕೊಂಡಿರುವ ವಯಸ್ಸೇ ಅವರ ವ್ಯವಹಾರ ಎಂಥದ್ದು ಎಂಬುದನ್ನು ತಿಳಿಸುತ್ತದೆ. ಇಷ್ಟು ಎಳೆಯ ಮರಿಯನ್ನು ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಇಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಕಳಿಸಿದರೆ, ನೀರಿನಂಶ ಕಳೆದುಕೊಂಡು ನಡುಗುತ್ತಾ ಬಂದಿಳಿಯುವ ಅದಕ್ಕೆ ಯಾವ ಸೋಂಕನ್ನೂ ಎದುರಿಸುವ ಶಕ್ತಿ ಉಳಿದಿರುವುದಿಲ್ಲ.

ಹೆಣ್ಣುನಾಯಿಯನ್ನು ಮರಿ ಹಾಕುವ ಯಂತ್ರದಂತೆ ಬಳಸಿಕೊಂಡು, ಅದರ ಆರೋಗ್ಯಕ್ಕೂ ಮರಿಗಳ ಆರೋಗ್ಯಕ್ಕೂ ಆದಷ್ಟು ಕಡಿಮೆ ಖರ್ಚು ಮಾಡಿ, ಆದಷ್ಟು ಬೇಗ ಮರಿಗಳನ್ನು ಹಣವಾಗಿಸುವ ವ್ಯವಹಾರವನ್ನು ಪಪ್ಪಿ ಮಿಲ್ ಎನ್ನುತ್ತಾರೆ. ಸಾಲು ಸಾಲು ಪಂಜರಗಳಿರುವ ದೊಡ್ಡ ಷೆಡ್ಡೇ ಆಗಿರಬೇಕೆಂದಿಲ್ಲ. ಬಾಡಿಗೆ ಮನೆಯ ಮೇಲಿನ ತಗಡಿನ ಕೋಣೆಯಲ್ಲಿ ಮೂರು ಹೆಣ್ಣುನಾಯಿಗಳನ್ನು ಕೂಡಿಹಾಕಿ, ಬೆದೆಗೆ ಬಂದಾಗಲೆಲ್ಲ ಗಂಡಿಗೆ ಬಿಡಿಸುವವರು ಮಾಡುತ್ತಿರುವುದೂ ಅದನ್ನೇ. ಹತ್ತು ನಾಯಿಗಳಿರುವ ತೋಟದ ಮನೆಯಲ್ಲಿ ಒಂದೊಂದನ್ನೂ ಹೆಸರು ಹಿಡಿದು ಕರೆದು, ಎಲ್ಲವೂ ಸೇರಿ ವರ್ಷಕ್ಕೊಂದೋ ಎರಡೋ ಸೂಲು ಮಾತ್ರ ಮಾಡಿಸುವವರೂ ಇದ್ದಾರೆ. ಆದುದರಿಂದ ನಾಯಿಗಳ ಸಂಖ್ಯೆಗಿಂತ ತಾಯಿನಾಯಿಯ ಬದುಕು ಹೇಗಿದೆ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಲೆಕ್ಕಾಚಾರ ಸರಳವಾಗಿದೆ. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸುಮಾರು 63 ದಿನ ಗಬ್ಬವಿರುತ್ತದೆ. ಲ್ಯಾಬ್ರಡಾರ್ ಒಂದು ಸೂಲಿಗೆ ಆರೆಂಟು ಮರಿ ಹಾಕುವುದು ಸಾಮಾನ್ಯ. ಒಂದು ಬೆದೆಯನ್ನೂ ಬಿಡದೆ ಗಬ್ಬ ಕಟ್ಟಿಸಿದರೆ ವರ್ಷಕ್ಕೆ ಎರಡು ಸೂಲು ಸಿಗುತ್ತವೆ. ಮೊದಲ ನಾಲ್ಕು ವಾರ ಮರಿಗಳನ್ನು ಸಾಕುವ ಭಾರವೆಲ್ಲ ತಾಯಿಯದು, ಮಾರುವವನಿಗೆ ಹೆಚ್ಚು ಖರ್ಚಿಲ್ಲ. ನಾಲ್ಕನೆಯ ವಾರದಿಂದ ಎಂಟನೆಯ ವಾರದವರೆಗೆ ಮರಿಗಳು ಸಿಕ್ಕಾಪಟ್ಟೆ ತಿನ್ನುತ್ತವೆ, ದಿನಕ್ಕೆ ಹಲವು ಸಲ ಗಲೀಜು ಮಾಡುತ್ತವೆ, ಜಂತುಹುಳುವಿನ ಔಷಧಿ, ಲಸಿಕೆ ಎಲ್ಲವೂ ಆಗಲೇ ಬೇಕಾಗುತ್ತವೆ. ನಿಮಗೆ 35 ದಿನದ ಮರಿಯನ್ನು ಕೊಡಲು ಹೊರಟಿರುವುದು ಈ ಖರ್ಚನ್ನು ಉಳಿಸಿಕೊಳ್ಳುವುದಕ್ಕಾಗಿ. ಮರಿ ಚಿಕ್ಕದಾದಷ್ಟೂ ಮುದ್ದಾಗಿ ಕಾಣುತ್ತದೆ, ‘ಸಣ್ಣದಿದ್ದಾಗಲೇ ತಂದರೆ ನಮಗೆ ಹೊಂದಿಕೊಳ್ಳುತ್ತದೆ’ ಎಂಬ ನಂಬಿಕೆ ಕೊಳ್ಳುವವರಲ್ಲಿಯೂ ಇದೆ. ಆ ನಂಬಿಕೆ ತಪ್ಪು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ, ಎಲ್ಲಿಗೆ ಆಟ ನಿಲ್ಲಿಸಬೇಕು ಎಂಬುದನ್ನು ಮರಿ ಕಲಿಯುವುದು ಐದರಿಂದ ಎಂಟನೆಯ ವಾರದೊಳಗೆ, ತಾಯಿ ಮತ್ತು ಒಡಹುಟ್ಟಿದ ಮರಿಗಳ ನಡುವೆ. ಆ ಪಾಠ ತಪ್ಪಿದ ಮರಿಗಳು ಮುಂದೆ ಮಕ್ಕಳ ಕೈಯನ್ನು ಗಟ್ಟಿಯಾಗಿ ಕಚ್ಚುವುದನ್ನೂ ಸಣ್ಣ ಸದ್ದಿಗೂ ಮಂಚದಡಿ ಅವಿತುಕೊಳ್ಳುವುದನ್ನೂ ಪಶುವೈದ್ಯರು ಮತ್ತೆ ಮತ್ತೆ ನೋಡುತ್ತೇವೆ. ಮನೆಯಲ್ಲಿ ಮಕ್ಕಳಿರುವುದರಿಂದ ನಿಮಗೆ ಇದು ಇನ್ನಷ್ಟು ಮುಖ್ಯ.

ಇನ್ನು ಲಸಿಕೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಮೊದಲ ಲಸಿಕೆ ಆಗಿದೆ’ ಎಂಬ ಮಾತನ್ನು ಕೇಳಿ ನಿಶ್ಚಿಂತರಾಗುವವರು ಬಹಳ. ಹುಟ್ಟಿದ ಕೂಡಲೇ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ಪ್ರತಿಕಾಯಗಳು ಸಿಗುತ್ತವೆ. ಆದರೆ ತಾಯಿಗೇ ಸರಿಯಾಗಿ ಲಸಿಕೆ ಹಾಕಿಸದಿದ್ದರೆ ಕೊಡಲು ಅದರ ಬಳಿ ಹೆಚ್ಚೇನೂ ಇರುವುದಿಲ್ಲ. ಸಿಕ್ಕ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಇರುವಷ್ಟು ದಿನ ನಾವು ಹಾಕುವ ಲಸಿಕೆಯನ್ನೂ ನಿಷ್ಫಲ ಮಾಡಬಲ್ಲವು. ಅವು ಯಾವ ಮರಿಯಲ್ಲಿ ಎಂದು ಮುಗಿಯುತ್ತವೆ ಎಂದು ಹೇಳಲಾಗದ ಕಾರಣ ಆರರಿಂದ ಎಂಟು ವಾರದ ನಡುವೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆಗಳನ್ನು ಮರುಕಳಿಸುತ್ತೇವೆ. ರೋಗದ ಭಯ ಹೆಚ್ಚಿರುವಲ್ಲಿ ಇನ್ನೂ ಮೊದಲೇ ಹಾಕಬಹುದಾದ ಲಸಿಕೆಗಳೂ ಇವೆ. ಆದರೆ ಐದನೆಯ ವಾರದ ಒಂದು ಚುಚ್ಚುಮದ್ದು ರಕ್ಷಣೆಯ ಭರವಸೆಯಾಗಲಾರದು.

ಮರಿಗಳ ಕರುಳನ್ನು ಕೆಡಿಸುವ ಪಾರ್ವೊ ವೈರಸ್ಸು ಮೈಸೇರಿದ ಮೇಲೆ ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಕೊಂಡ ದಿನ ಬಾಲ ಅಲ್ಲಾಡಿಸುತ್ತಾ ಬಂದ ಮರಿ ನಾಲ್ಕನೆಯ ದಿನ ತಿನ್ನುವುದನ್ನು ಬಿಟ್ಟು, ಐದನೆಯ ದಿನ ವಾಂತಿ ಮಾಡಿಕೊಂಡು, ರಕ್ತಭೇದಿಯೊಂದಿಗೆ ಆಸ್ಪತ್ರೆಗೆ ಬರುವುದು ಇದರಿಂದಲೇ. ಮಾರಿದವರಿಗೆ ಫೋನ್ ಮಾಡಿದರೆ ‘ನಮ್ಮಲ್ಲಿದ್ದಾಗ ಚೆನ್ನಾಗಿಯೇ ಇತ್ತು, ನೀವು ಏನೋ ತಿನ್ನಿಸಿರಬೇಕು’ ಎನ್ನುತ್ತಾರೆ, ಮನೆಯವರು ತಮ್ಮದೇ ತಪ್ಪೆಂದು ಕೊರಗುತ್ತಾರೆ. ಸೋಂಕು ಅವರ ಮನೆಯಲ್ಲಿ ಹುಟ್ಟಿದ್ದಲ್ಲ, ಮರಿಯ ಜೊತೆಗೇ ಬಂದದ್ದು. ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ರೋಗ ಇನ್ನೂ ನಿಧಾನ. ಕಣ್ಣಿನ ಪಿಸುರು, ಮೂಗಿನ ಸಿಂಬಳದಿಂದ ಆರಂಭವಾಗಿ, ನೆಗಡಿ ವಾಸಿಯಾಯಿತೆಂದುಕೊಂಡ ಎಷ್ಟೋ ವಾರಗಳ ಮೇಲೆ ಫಿಟ್ಸ್ ಬರಬಹುದು. ಹಲವು ಕಡೆಯಿಂದ ತಂದ ಮರಿಗಳನ್ನು ಒಂದೇ ಪಂಜರದಲ್ಲಿ ಕೂಡಿಹಾಕುವ ಮಧ್ಯವರ್ತಿಗಳ ಬಳಿ ಈ ಎರಡೂ ರೋಗಗಳು ಸುಲಭವಾಗಿ ಹರಡುತ್ತವೆ. ಪಾರ್ವೊ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಫಿನೈಲಿಗೆ ಬಗ್ಗುವುದಿಲ್ಲ. ಬ್ಲೀಚಿನ ದ್ರಾವಣದಂಥದ್ದೇ ಬೇಕು. ಒಂದು ಮರಿ ಪಾರ್ವೊದಿಂದ ಸತ್ತ ಮನೆಗೆ, ದುಃಖ ಮರೆಯಲೆಂದು, ಲಸಿಕೆ ಪೂರ್ಣವಾಗದ ಇನ್ನೊಂದು ಮರಿಯನ್ನು ಕೂಡಲೇ ತರಬಾರದು.

ಲಸಿಕೆ ನಿಜಕ್ಕೂ ಆಗಿದೆಯೇ ಎಂಬುದನ್ನು ಕಾರ್ಡಿನಲ್ಲಿ ಓದಬಹುದು. ಸಾಮಾನ್ಯವಾಗಿ ಲಸಿಕೆಯ ಪುಟ್ಟ ಸೀಸೆಯ ಮೇಲಿನ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸುತ್ತೇವೆ. ಅದರಲ್ಲಿ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರುತ್ತವೆ. ಪಕ್ಕದಲ್ಲಿ ಹಾಕಿದ ದಿನಾಂಕ, ಪಶುವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆಯಿರುವ ಮೊಹರು ಇರಬೇಕು. ಬರೀ ಬಾಲ್‌ಪೆನ್ನಿನಲ್ಲಿ ‘ಡಿಪಿ (ಡಿಸ್ಟೆಂಪರ್, ಪಾರ್ವೊ ಲಸಿಕೆ) ಆಗಿದೆ’ ಎಂದು ಬರೆದು ಗೀಚು ಸಹಿ ಹಾಕಿದ ಕಾರ್ಡನ್ನು ನಂಬಬೇಡಿ. ಮೊಹರಿನಲ್ಲಿರುವ ವೈದ್ಯರಿಗೆ ಫೋನ್ ಮಾಡಿ ವಿಚಾರಿಸುವುದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ, ನಾವು ಯಾರೂ ಅದನ್ನು ಅಪರಾಧವೆಂದು ಭಾವಿಸುವುದಿಲ್ಲ. ವಯಸ್ಸನ್ನು ಹೆಚ್ಚಿಸಿ ಹೇಳುವವರೂ ಇರುವುದರಿಂದ ಮರಿಯ ಬಾಯಿ ತೆರೆದು ನೋಡಿ: ಎಂಟು ವಾರದ ಹೊತ್ತಿಗೆ ಹಾಲುಹಲ್ಲುಗಳೆಲ್ಲ ಬಂದಿರುತ್ತವೆ. ಮುಂದಿನ ಹಲ್ಲುಗಳು ಆಗತಾನೆ ಒಸಡನ್ನು ಸೀಳಿಕೊಂಡು ಬರುತ್ತಿದ್ದರೆ ಮರಿಗೆ ಇನ್ನೂ ಆರು ವಾರವೂ ಆಗಿರಲಾರದು.

ಮರಿಯನ್ನು ಚೊಕ್ಕ ಮಾಡಿ ತೋರಿಸುವುದು ಸುಲಭ. ಶಾಂಪೂ ಹಾಕಿ ತೊಳೆದು, ಉಣ್ಣಿ ಹೆಕ್ಕಿ, ಕೊರಳಿಗೆ ರಿಬ್ಬನ್ ಕಟ್ಟಿದರೆ ಯಾವ ಮರಿಯೂ ವಿಡಿಯೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ವರ್ಷಗಟ್ಟಲೆ ಪಂಜರದಲ್ಲಿ ಕಳೆದ ತಾಯಿಯ ಮೈಯನ್ನು ಒಂದು ಸ್ನಾನದಿಂದ ಮರೆಮಾಚಲಾಗದು. ತಂತಿಯ ನೆಲದ ಮೇಲೆ ನಿಂತೇ ಬದುಕಿದ ನಾಯಿಯ ಬೆರಳುಗಳು ಹರಡಿಕೊಂಡಿರುತ್ತವೆ, ಬೆರಳ ಸಂದಿಯಲ್ಲಿ ಗಂಟುಗಳೂ ಹುಣ್ಣುಗಳೂ ಇರುತ್ತವೆ. ಮೂತ್ರದಲ್ಲೇ ಮಲಗಿದ್ದರಿಂದ ಹಿಂಗಾಲಿನ ಕೂದಲು ಹಳದಿಗಟ್ಟಿ, ಅಡಿಯ ಚರ್ಮ ಕೆಂಪಗಾಗಿರುತ್ತದೆ. ಕಂಬಿಯನ್ನು ಕಚ್ಚಿ ಕಚ್ಚಿ ಕೋರೆಹಲ್ಲಿನ ಹಿಂಭಾಗ ಸವೆದಿರುತ್ತದೆ. ಓಡಾಟವಿಲ್ಲದ ಉಗುರುಗಳು ಕೊಕ್ಕೆಯಂತೆ ಬಾಗಿರುತ್ತವೆ. ಸೂಲಿನ ಮೇಲೆ ಸೂಲು ಹಾಕಿದ ನಾಯಿಯ ಮೊಲೆಗಳು ಮರಿಗಳು ಹಾಲು ಬಿಟ್ಟ ಮೇಲೂ ಜೋತುಬಿದ್ದು ಹಾಗೆಯೇ ಉಳಿಯುತ್ತವೆ, ಬೆನ್ನೆಲುಬು ಕೈಗೆ ಎಣಿಸಲು ಸಿಗುತ್ತದೆ. ಐದು ವಾರದ ಮರಿಗಳಿಗೆ ಹಾಲೂಡಿಸಿದ ಯಾವ ತಾಯಿಯೂ ಸ್ವಲ್ಪ ಬಡವಾಗಿರುವುದು, ಕೂದಲು ಉದುರಿಸಿಕೊಂಡಿರುವುದು ಸಹಜ. ಅದನ್ನು ನೋಡಿ ಹೆದರಬೇಕಿಲ್ಲ. ನೋಡಬೇಕಾದದ್ದು ಅದರ ನಡವಳಿಕೆ. ಮನೆಯ ನಾಯಿಯಾಗಿ ಬದುಕಿದ ತಾಯಿ ಒಡೆಯರ ದನಿ ಕೇಳಿದೊಡನೆ ಎದ್ದು ಬರುತ್ತದೆ, ಅಪರಿಚಿತರು ಮರಿಯ ಹತ್ತಿರ ಬಂದರೆ ಒಡೆಯರ ಮುಖ ನೋಡುತ್ತದೆ. ಪಂಜರದ ತಾಯಿ ಬಾಗಿಲು ತೆರೆದರೂ ಹೊರಗೆ ಕಾಲಿಡುವುದಿಲ್ಲ. ಕೈ ಚಾಚಿದರೆ ಗೋಡೆಗೆ ಅಂಟಿಕೊಂಡು ಮೂತ್ರ ಮಾಡಿಕೊಳ್ಳುತ್ತದೆ.

ಆದ್ದರಿಂದಲೇ ಇಂಥ ಮಾರಾಟಗಾರರು ತಾಯಿಯನ್ನು ತೋರಿಸದಿರಲು ಒಂದಲ್ಲ ಒಂದು ಕಾರಣ ಹುಡುಕುತ್ತಾರೆ. ತಾಯಿ ತೋಟದಲ್ಲಿದೆ, ಹೊಸಬರನ್ನು ಕಂಡರೆ ಕಚ್ಚುತ್ತದೆ, ಪಾರ್ಟ್‌ನರ್ ಮನೆಯಲ್ಲಿದೆ, ಸೋಂಕು ತಗಲುತ್ತದೆಂದು ಯಾರನ್ನೂ ಒಳಗೆ ಬಿಡುವುದಿಲ್ಲ, ನೀವು ದೂರದಿಂದ ಬರುವುದೇಕೆ, ಮೆಜೆಸ್ಟಿಕ್ಕಿಗೇ ತಂದುಕೊಡುತ್ತೇವೆ. ಸೋಂಕಿನ ಭಯ ಸುಳ್ಳಲ್ಲ, ಒಳ್ಳೆಯ ಬ್ರೀಡರುಗಳೂ ಲಸಿಕೆಯಾಗದ ಮರಿಗಳನ್ನು ಹೊರಗಿನವರ ಕೈಗೆ ಕೊಡುವುದಿಲ್ಲ. ಆದರೆ ಅವರು ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ, ದೂರದಿಂದಲಾದರೂ ತಾಯಿ ಮರಿಗಳನ್ನು ಅವು ಇರುವ ಜಾಗದಲ್ಲಿಯೇ ತೋರಿಸುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನು ಕಾನೂನನ್ನೇ ಮಾಡಿದರು. ವೇಲ್ಸಿನ ಒಂದು ಮರಿ ಸಾಕಣೆ ಕೇಂದ್ರದಿಂದ 2013ರಲ್ಲಿ ಪಾರಾದ, ಸೂಲಿನ ಮೇಲೆ ಸೂಲು ಹಾಕಿ ಜರ್ಜರಿತವಾಗಿದ್ದ ಲೂಸಿ ಎಂಬ ಕ್ಯಾವಲಿಯರ್ ಸ್ಪೇನಿಯಲ್ ಹೆಣ್ಣುನಾಯಿಯ ಹೆಸರಿನಲ್ಲಿ ಜನ ಹೋರಾಡಿದರು. 2020ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಆರು ತಿಂಗಳೊಳಗಿನ ಮರಿಗಳನ್ನು ಅಂಗಡಿಯವರೂ ದಲ್ಲಾಳಿಗಳೂ ಮಾರುವಂತಿಲ್ಲ, ಬ್ರೀಡರ್ ತಾಯಿಯೊಂದಿಗೆ ಮರಿಯನ್ನು ತೋರಿಸಿಯೇ ಕೊಡಬೇಕು.

ನಮ್ಮಲ್ಲಿಯೂ ನಿಯಮಗಳ ಕೊರತೆಯಿಲ್ಲ. ಕಾನೂನು ಆಯೋಗವು 2015ರಲ್ಲಿ ತನ್ನ 261ನೆಯ ವರದಿಯಲ್ಲಿ ಸಾಕುಪ್ರಾಣಿ ಅಂಗಡಿಗಳನ್ನೂ ನಾಯಿ ಸಂವರ್ಧನೆಯನ್ನೂ ನಿಯಂತ್ರಿಸಬೇಕೆಂದು ಹೇಳಿತು, ಆನಂತರ 2017ರ ನಿಯಮಗಳು ಬಂದವು. ಅವುಗಳಂತೆ ನಾಯಿಮರಿ ಮಾಡಿಸಿ ಮಾರುವವರು, ನಡುವೆ ನಿಂತು ಮಾರುವವರೂ ಸೇರಿದಂತೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮುಂಚೆ ಗಬ್ಬ ಕಟ್ಟಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಕೂಡದು, ಎಂಟು ವರ್ಷದ ನಂತರ ಕೂಡದೇ ಕೂಡದು. ಚರ್ಮದಡಿ ಸೇರಿಸುವ, ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಹಾಕದ ಮರಿಯನ್ನು ಮಾರುವಂತಿಲ್ಲ. ಆದರೆ ಮೂಲ ಕಾಯ್ದೆ 1960ರದು. ಮೊದಲ ಸಲ ಪ್ರಾಣಿಹಿಂಸೆ ಸಾಬೀತಾದರೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ. ಒಂದು ಮರಿಯ ಬೆಲೆಯ ಮುಂದೆ ಈ ದಂಡ ಲೆಕ್ಕಕ್ಕೇ ಬಾರದು. ಕಾನೂನು ಬಲವಾಗುವವರೆಗೆ ಕೊಳ್ಳುವವರ ಎಚ್ಚರಕ್ಕೆ ಹೆಚ್ಚು ಬಲವಿದೆ ಎಂದು ನಾನು ಹೇಳುವುದು ಇದರಿಂದಲೇ.

ಈಗ ಕೆಸಿಐ ಕಾಗದ. ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾ ನಾಯಿಗಳ ವಂಶಾವಳಿಯನ್ನು ದಾಖಲಿಸುವ ಸಂಸ್ಥೆ. ಅದರ ಪ್ರಮಾಣಪತ್ರದಿಂದ ಮರಿಯ ತಂದೆತಾಯಿ, ಅಜ್ಜ ಅಜ್ಜಿ ಯಾರೆಂದು ತಿಳಿಯುತ್ತದೆ. ತಾಯಿಯನ್ನು ಹೇಗೆ ಸಾಕಿದರು, ಸೊಂಟದ ಕೀಲು ಸರಿಯಿದೆಯೇ ಎಂಬುದು ತಿಳಿಯುವುದಿಲ್ಲ. ಕಾಗದವಿರುವ ಮರಿಗಳೂ ಪಪ್ಪಿ ಮಿಲ್ಲಿನಿಂದ ಬಂದಿರಬಹುದು. ನಿಮಗೆ ಹೇಳಿದ ಎರಡು ಬೆಲೆಗಳೇ ಇಲ್ಲಿ ಮುಖ್ಯವಾದ ಸುಳಿವು. ತಂದೆತಾಯಿ ಇಬ್ಬರೂ ನೋಂದಾಯಿತರಾಗಿದ್ದರೆ ಆ ಸೂಲಿನ ಮರಿಗಳೆಲ್ಲವನ್ನೂ ಒಟ್ಟಿಗೇ ನೋಂದಾಯಿಸುತ್ತಾರೆ, ಅದರ ಶುಲ್ಕವೂ ಮರಿಯೊಂದಕ್ಕೆ 10,000 ರೂಪಾಯಿ ಹೆಚ್ಚಿಸುವಷ್ಟಿಲ್ಲ. ಅದೇ ಮರಿಯನ್ನು ಕಾಗದ ಸಹಿತ ಒಂದು ಬೆಲೆಗೆ, ಕಾಗದ ರಹಿತ ಇನ್ನೊಂದು ಬೆಲೆಗೆ ಕೊಡುವವರ ಬಳಿಯಿರುವ ಕಾಗದ ಆ ಮರಿಯದಲ್ಲವೇನೋ ಎಂಬ ಅನುಮಾನ ಬರಲೇಬೇಕು. ಕಾಗದದಲ್ಲಿರುವ 15 ಅಂಕಿಯ ಮೈಕ್ರೋಚಿಪ್ ಸಂಖ್ಯೆಯನ್ನು ಪಶುವೈದ್ಯರ ಸ್ಕ್ಯಾನರಿನಿಂದ ಮರಿಯ ಭುಜದ ನಡುವೆ ಓದಿಸಿ, ತಾಳೆ ನೋಡಿಯೇ ಹಣ ಕೊಡಬೇಕು.

ಜಾಹೀರಾತಿನ ಇತರ ಮಾತುಗಳ ಬಗ್ಗೆಯೂ ಎರಡು ಮಾತು. ‘ಇಂಪೋರ್ಟ್ ಲೈನ್’, ಅಂದರೆ ವಿದೇಶದಿಂದ ತಂದ ನಾಯಿಗಳ ವಂಶ, ಎನ್ನುತ್ತಾರೆ. ಆದರೆ 2016ರ ಏಪ್ರಿಲ್‌ನಲ್ಲಿಯೇ ವಾಣಿಜ್ಯ ಸಂವರ್ಧನೆಗಾಗಿ ನಾಯಿಗಳನ್ನು ಆಮದು ಮಾಡುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತ್ತು. ‘ಟೀಕಪ್’ ಎಂದು ಮಾರುವ ಅತಿ ಪುಟ್ಟ ಮರಿಗಳಲ್ಲಿ ರಕ್ತದ ಸಕ್ಕರೆ ಏಕಾಏಕಿ ಕುಸಿಯುವುದು, ನೆತ್ತಿಯ ಮೂಳೆ ಕೂಡದಿರುವುದು ಸಾಮಾನ್ಯ. ‘ಪಂಚ್ ಫೇಸ್’ ಪಗ್‌ಗಳಿಗೆ ಮುಖ ಚಪ್ಪಟೆಯಾದಷ್ಟೂ ಉಸಿರಾಟ ಕಷ್ಟ, ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಪ್ರಾಣಕ್ಕೇ ಅಪಾಯ. ಲ್ಯಾಬ್ರಡಾರಿನಲ್ಲಿ ‘ಹೆವಿ ಬೋನ್’ (ದಪ್ಪ ಮೂಳೆ, ಭಾರಿ ಮೈಕಟ್ಟು) ಎಂಬುದನ್ನು ಗುಣವೆಂದು ಹೊಗಳುತ್ತಾರೆ. ತೂಕ ಹೆಚ್ಚಾದಷ್ಟೂ ಸೊಂಟದ ಕೀಲಿಗೆ ಕೇಡು.

ಜವಾಬ್ದಾರಿಯುಳ್ಳ ಬ್ರೀಡರ್ ಬಳಿ ನೀವು ಹೋದಾಗ ನಿಮ್ಮನ್ನೇ ಮೊದಲು ವಿಚಾರಣೆಗೆ ಗುರಿಮಾಡುತ್ತಾರೆ. ಸ್ವಂತ ಮನೆಯೇ ಬಾಡಿಗೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಕ್ಕಳಿಗೆ ಎಷ್ಟು ವಯಸ್ಸು, ಊರಿಗೆ ಹೋದಾಗ ನಾಯಿಯನ್ನು ಎಲ್ಲಿ ಬಿಡುತ್ತೀರಿ, ಮುಂದೆ ಮರಿ ಮಾಡಿಸುವ ಯೋಚನೆಯಿದೆಯೇ ಎಂದೆಲ್ಲ ಕೇಳುತ್ತಾರೆ. ಹಣದ ಮಾತು ಕೊನೆಗೆ ಬರುತ್ತದೆ. ಒಂದೋ ಎರಡೋ ತಳಿ ಬಿಟ್ಟರೆ ಬೇರೆಯದು ಅವರಲ್ಲಿ ಇರುವುದಿಲ್ಲ. ಲ್ಯಾಬ್, ಷಿಟ್ಜು, ಹಸ್ಕಿ, ರಾಟ್‌ವೈಲರ್ ಎಲ್ಲವೂ ಯಾವಾಗ ಕೇಳಿದರೂ ‘ಸ್ಟಾಕ್ ಇದೆ’ ಎನ್ನುವವರು ಬ್ರೀಡರ್ ಅಲ್ಲ, ವ್ಯಾಪಾರಿ. ಒಳ್ಳೆಯವರಲ್ಲಿ ಮರಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತಂದೆತಾಯಿ ಎರಡಕ್ಕೂ ಎರಡು ವರ್ಷ ತುಂಬಿದ ಮೇಲೆ ತೆಗೆಸಿದ ಸೊಂಟದ ಎಕ್ಸ್‌ರೇ, ಕಣ್ಣಿನ ತಪಾಸಣೆಯ ವರದಿ ತೋರಿಸಲು ಕೇಳಿ. ಲ್ಯಾಬ್ರಡಾರಿಗೆ ಇವೆರಡೂ ಬೇಕು. ಕೀಲು ಚೆನ್ನಾಗಿರುವ ತಂದೆತಾಯಿಗೆ ಹುಟ್ಟಿದ ಮರಿಗೂ ತೊಂದರೆ ಬರಬಹುದು, ಆದರೆ ಅದರ ಸಂಭವ ಕಡಿಮೆ. ಇಂಥ ಪರೀಕ್ಷೆ ಮಾಡಿಸುವವರು ನಮ್ಮ ರಾಜ್ಯದಲ್ಲಿ ಇನ್ನೂ ವಿರಳ. ವರದಿಯಿಲ್ಲದಿದ್ದರೂ ಪ್ರಶ್ನೆ ಕೇಳಿದಾಗ ಅವರು ಹೇಗೆ ಉತ್ತರಿಸುತ್ತಾರೆ ಎಂಬುದರಿಂದಲೇ ಅವರ ತಿಳಿವಳಿಕೆ ಗೊತ್ತಾಗುತ್ತದೆ. ‘ನಮ್ಮ ನಾಯಿಗೆ ಯಾವ ಕಾಯಿಲೆಯೂ ಇಲ್ಲ’ ಎಂದು ಹಾರಿಕೆಯ ಮಾತಾಡುವವರಿಗಿಂತ ‘ಇದರ ಅಜ್ಜಿಗೆ ಏಳನೆಯ ವರ್ಷಕ್ಕೆ ಕಾಲು ಸೋತಿತು’ ಎಂದು ಹೇಳುವವರನ್ನು ನಂಬಿ. ಯಾವ ಕಾರಣದಿಂದಲಾದರೂ ನಿಮಗೆ ಸಾಕಲಾಗದಿದ್ದರೆ, ಯಾವ ವಯಸ್ಸಿನಲ್ಲಿಯೇ ಆಗಲಿ, ನಾಯಿಯನ್ನು ನಮಗೇ ಮರಳಿಸಿ ಎಂಬ ಷರತ್ತನ್ನು ಅವರು ಬರೆದುಕೊಡುತ್ತಾರೆ. ವಯಸ್ಸಾಗಿ ಸೂಲು ನಿಲ್ಲಿಸಿದ ನಾಯಿಗಳು ಎಲ್ಲಿವೆ ಎಂದು ಕೇಳಲು ಮರೆಯಬೇಡಿ. ಅಂಗಳದಲ್ಲಿ ಬಿಸಿಲಿಗೆ ಮಲಗಿರುವ ಮುದಿ ನಾಯಿಯನ್ನು ತೋರಿಸಿದರೆ ಆ ಮನೆಯ ಬಗ್ಗೆ ಗೌರವವಿಡಬಹುದು.

ಹಲವರು ಎಲ್ಲ ತಿಳಿದೂ ಎಡವುವ ಒಂದು ಸಂದರ್ಭವಿದೆ. ಸ್ಥಳಕ್ಕೆ ಹೋಗಿ, ಕೊಳಕನ್ನು ಕಂಡು, ‘ಪಾಪ, ಇದೊಂದನ್ನಾದರೂ ಉಳಿಸೋಣ’ ಎಂದು ಇದ್ದುದರಲ್ಲಿ ಸೊರಗಿದ ಮರಿಯನ್ನೇ ಹಣ ಕೊಟ್ಟು ತರುತ್ತಾರೆ. ಆ ಕರುಣೆ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಾರುವವನಿಗೆ ಕರುಣೆಯ ಹಣವೂ ಹಣವೇ. ಆ ಮರಿ ಹೊರಬಂದ ಪಂಜರಕ್ಕೆ ಇನ್ನೊಂದು ಬರುತ್ತದೆ, ತಾಯಿಯನ್ನು ಮುಂದಿನ ಬೆದೆಗೆ ಮತ್ತೆ ಗಂಡಿಗೆ ಬಿಡಿಸುತ್ತಾರೆ. ಕಂಡದ್ದನ್ನು ಫೋಟೊ, ದಿನಾಂಕ, ವಿಳಾಸ ಸಮೇತ ಜಿಲ್ಲಾ ಪ್ರಾಣಿದಯಾ ಸಂಘಕ್ಕೆ, ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಕಚೇರಿಗೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ ಲಿಖಿತವಾಗಿ ಕೊಟ್ಟರೆ, ನಿಧಾನವಾದರೂ, ತಾಯಿಗೂ ಬಿಡುಗಡೆಯ ದಾರಿ ತೆರೆಯುತ್ತದೆ.

ಲ್ಯಾಬ್ರಡಾರೇ ಬೇಕೆಂದಿದ್ದರೆ ಎರಡು ಮೂರು ವರ್ಷದ ನಾಯಿಯನ್ನು ದತ್ತು ಪಡೆಯುವುದನ್ನೂ ಯೋಚಿಸಿ. ಮನೆ ಬದಲಾಯಿಸಿದವರು, ವಿದೇಶಕ್ಕೆ ಹೋಗುವವರು ಬಿಟ್ಟುಹೋದ ತಳಿನಾಯಿಗಳು ಬೆಂಗಳೂರಿನ ಆಶ್ರಯಧಾಮಗಳಲ್ಲಿ ಸದಾ ಇರುತ್ತವೆ. ಬೆಳೆದ ನಾಯಿಯ ಸ್ವಭಾವ ಕಣ್ಣೆದುರಿಗೇ ಇರುವುದರಿಂದ ಮಕ್ಕಳಿರುವ ಮನೆಗೆ ಅದು ಅನುಕೂಲವೇ. ಬೀದಿನಾಯಿಯ ಮರಿಯೂ ನಮ್ಮ ಹವೆಗೆ ಚೆನ್ನಾಗಿ ಒಗ್ಗಿದ, ಚುರುಕಾದ ಪ್ರಾಣಿ. ಆದರೆ ಅದಕ್ಕೂ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲವೂ ಅಷ್ಟೇ ಅಗತ್ಯ. ಮುಧೋಳದ ನಾಯಿಯ ಬಗ್ಗೆ ಆಸಕ್ತಿಯಿದ್ದರೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಓಡಲು ಬಯಲಿಲ್ಲದವರು ಮಾತ್ರ ಆ ತಳಿಯನ್ನು ಸಾಕಬಾರದು.

ನಿಮ್ಮ ಮುಂಗಡದ ವಿಷಯ. ಮಾರಾಟಗಾರರಿಗೆ ಫೋನಿನಲ್ಲಿ ಹೇಳದೆ ಬರಹದಲ್ಲಿಯೇ ಮೂರು ಸಂಗತಿ ಕೇಳಿ: ರಾಜ್ಯ ಮಂಡಳಿಯ ನೋಂದಣಿ ಪ್ರಮಾಣಪತ್ರದ ಪ್ರತಿ, ಮರಿಯ ಮೈಕ್ರೋಚಿಪ್ ಸಂಖ್ಯೆ, ಮರಿಗೆ ಎಂಟು ವಾರ ತುಂಬಿದ ಮೇಲೆ ತಾಯಿಯಿರುವ ಜಾಗಕ್ಕೇ ಬಂದು ನೋಡಲು ಒಂದು ದಿನ. ಮೂರನ್ನೂ ಕೊಟ್ಟರೆ ಖುದ್ದಾಗಿ ಹೋಗಿ ನೋಡಿ, ಮಕ್ಕಳನ್ನು ಮೊದಲ ಭೇಟಿಗೆ ಕರೆದೊಯ್ಯಬೇಡಿ, ಅವರ ಎದುರು ಬೇಡವೆನ್ನುವುದು ಕಷ್ಟ. ಕೊಡದಿದ್ದರೆ ಮುಂಗಡವನ್ನು ಮರಳಿ ಕೇಳಿ, ಸಂದೇಶಗಳನ್ನೂ ಹಣ ಕಳಿಸಿದ ರಸೀತಿಯನ್ನೂ ಅಳಿಸದೆ ಇಟ್ಟುಕೊಳ್ಳಿ. ದೂರಿಗೆ ಅವೇ ಆಧಾರ. ಹಣ ಮರಳದಿದ್ದರೂ, 2,000 ಹೋಗುತ್ತದೆಂಬ ಕಾರಣಕ್ಕೆ ಉಳಿದ 10,000 ರೂಪಾಯಿಯನ್ನು ಕಳಿಸಬೇಡಿ.